ಸನಾದಿಗೆ ಕೂಡಿಸಿದ ಪಿಯಾನೋ

ಯಾದಗಿರಿ
೧೧ ಜೂನ್ ೧೯೫೦

ಚಾಂದಕ್ಕಾ,

ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೂತವನು ಕಾಗದವನ್ನು ಹೇಗೆ ಶುರು ಮಾಡಬೇಕೆಂದು ತಿಳಿಯದೆ ನಾಲ್ಕು ಹಾಳೆ ಹರಿದಿದ್ದೇನೆ. ಇದು ಐದನೆಯದು. ಇದನ್ನೂ ಹರಿದರೆ ಗುಮಾಸ್ತ ನನ್ನನ್ನೇ ಹರಿದುಹಾಕುತ್ತಾನೆ. ಹಾಳೆ ಅವನದು.

ನಾನೀಗ ಇಲ್ಲಿಯ ಹತ್ತಿ ಗಿರಣಿಯಲ್ಲಿ ಬೇಲುಗಳ ಮೇಲೆ ನಂಬರು ಬರೆಯುತ್ತೇನೆ. ಅಪ್ಪ ಸುರಪುರದ ನಮ್ಮ ಹಳೆಯ ಮನೆಯಲ್ಲಿದ್ದಾನೆ. ಜಾಗೀರದಾರರ ದೇವಡಿ ಬಿಟ್ಟ ಮೇಲೆ ಸನಾದಿಯನ್ನು ಬಾಯಿಗೆ ಹಚ್ಚಿಲ್ಲ. ಮದುವೆಗೆ ಕರೆಯಲು ಬಂದವರಿಗೆ "ಹಲ್ಲು ಬಿದ್ದಾವ್ರೀ, ಊದಾಕ ಆಗೂದಿಲ್ಲ" ಅನ್ನುತ್ತಾನೆ. ಅವನ ಹಲ್ಲು ಒಂದೂ ಅಲುಗಿಲ್ಲ.

ವಿಷಯಕ್ಕೆ ಬರುತ್ತೇನೆ. ಹೈದರಾಬಾದಿನ ರೇಡಿಯೋದವರು ಹೊಸ ಕಲಾವಿದರನ್ನು ಪರೀಕ್ಷೆಗೆ ಕರೆದಿದ್ದಾರೆ. ಒಂದು ಅರ್ಜಿ ತರಿಸಿದೆ. ಹೆಸರು, ವಯಸ್ಸು, ವಾದ್ಯ ಎಲ್ಲ ಸಲೀಸು. ಕೆಳಗೆ "ಸಂಗೀತದ ಹಿನ್ನೆಲೆ" ಎಂದು ಬರೆದು ಹತ್ತು ಸಾಲು ಖಾಲಿ ಬಿಟ್ಟಿದ್ದಾರೆ. ನಾನು ಜೋಡಿವಾದನ ಎಂದು ತುಂಬಿ, ಪಿಟೀಲಿನ ಮುಂದೆ ನನ್ನ ಹೆಸರು, ಪಿಯಾನೋದ ಮುಂದೆ ನಿನ್ನ ಹೆಸರು ಬರೆದುಬಿಟ್ಟೆ. ಬೈಯುವುದಾದರೆ ಕಾಗದದಲ್ಲಿ ಬೈ. ಅಷ್ಟಾದರೂ ನಿನ್ನ ಅಕ್ಷರ ಕಾಣುತ್ತದೆ.

ಹಿನ್ನೆಲೆಗೆ ಇಷ್ಟು ಬರೆದಿದ್ದೇನೆ: "ಪರಮಣ್ಣ, ವಯಸ್ಸು ಇಪ್ಪತ್ತು, ತಂದೆ ಮಲ್ಕಪ್ಪ. ಜಾಗೀರದಾರರ ದೇವಡಿಯ ಬಾಗಿಲಲ್ಲಿ ಮೂರು ತಲೆಮಾರಿನಿಂದ ಸನಾದಿ ಊದುವ ಮನೆತನ. ಚಾಂದಬೀ, ವಯಸ್ಸು ಇಪ್ಪತ್ತೆರಡು. ತಂದೆ ಬಾಷುಮಿಯಾ, ಮೊದಲು ಫೌಜಿನ ಬ್ಯಾಂಡಿನಲ್ಲಿ ಊದುತ್ತಿದ್ದವರು, ಆಮೇಲೆ ದೇವಡಿಯ ಪಿಯಾನೋ ನೋಡಿಕೊಂಡವರು. ಇಬ್ಬರಿಗೂ ಗುರು ಅವರೇ." ಅಲ್ಲಿಗೆ ಮೂರು ಸಾಲು ಮುಗಿಯಿತು. ಉಳಿದ ಏಳು ಸಾಲಿಗೆ ಏನು ತುಂಬಲಿ? ಪರದೆಯ ಸಂಗತಿ ಬರೆಯಲೇ? ನಿನಗೆ ಗೋಷಾ, ನಮ್ಮ ಕುಲದವರಿಗೆ ಒಳಗೆ ಕಾಲಿಡಲು ಹುಕುಂ ಇಲ್ಲ. ಹೀಗಾಗಿ ನೀನು ಜನಾನಾದಲ್ಲಿ, ನಾನು ಹೊರಗಿನ ಪಡಸಾಲೆಯಲ್ಲಿ, ನಡುವೆ ದಪ್ಪ ಪರದೆ, ಹೊಸ್ತಿಲ ಮೇಲೆ ಕೂತು ಬೆರಳಲ್ಲಿ ತಾಳ ಬಡಿಯುವ ಉಸ್ತಾದರು. ಎಂಟು ವರ್ಷ ಕೂಡಿ ಬಾರಿಸಿದವರು ಒಬ್ಬರ ಕೈ ಒಬ್ಬರು ನೋಡಿಲ್ಲ ಎಂದರೆ ರೇಡಿಯೋದವರು ನಂಬುತ್ತಾರೆಯೇ?

ಇನ್ನೊಂದು ಮಾತು. ಉಸ್ತಾದರ ಹೆಸರಿನ ಹಿಂದೆ "ದಿವಂಗತ" ಎಂದು ಬರೆಯಬೇಕಾ?

ನಿನ್ನ ತಮ್ಮ,
ಪರಮಣ್ಣ


ದೇವಡಿ, ಶಹಾಪುರ ತಾಲೂಕು
೨ ಜುಲೈ ೧೯೫೦

ಪರಮಣ್ಣಾ,

ದಿವಂಗತ ಎಂದು ಬರೆಯಬೇಡ. ಜ್ವರ ಬಂದು ಹಾಸಿಗೆಯಲ್ಲಿ ಹೋದವರಿಗೆ ಆ ಮಾತು. ಅಬ್ಬಾನನ್ನು ಕೊಂದರು. ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ಬರೀ ಹೆಸರು ಬರೆ, ಸಾಕು.

ನನಗೆ ಕನ್ನಡ ಅಕ್ಷರ ಕಲಿಸಿದವನು ನೀನು, ಪರದೆಯ ಕೆಳಗಿಂದ ಪಾಟಿ ತೂರಿಸಿ. ಆದ್ದರಿಂದ ಕಾಗುಣಿತ ತಪ್ಪಿದರೆ ಬೈಗುಳ ನಿನಗೇ.

ನಿನ್ನ ಕಾಗದದಲ್ಲಿ ನಗೆಚಾಟಿಕೆ ಬೇಕಾದಷ್ಟಿದೆ. ಕೇಳಬೇಕಾದದ್ದು ಮಾತ್ರ ಇಲ್ಲ. ನಾನೇ ಹೇಳುತ್ತೇನೆ. ನಲವತ್ತೆಂಟರ ಆ ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂದು ಹೋದ ಮೇಲೆ ನಾಲ್ಕು ದಿನ ನಾವು ಹನ್ನೊಂದು ಜನ ದೇವಡಿಯ ಕಣಜದ ಕೋಣೆಯಲ್ಲಿ ಅಡಗಿದ್ದೆವು. ಹೊರಗೆ ಮುಸಲ್ಮಾನರನ್ನು ಹುಡುಕಿ ಹೊಡೆಯುತ್ತಿದ್ದರು. ಐದನೆಯ ದಿನ ಮುಂಜಾನೆ ಬಾಗಿಲಲ್ಲಿ ಸನಾದಿ ಕೇಳಿತು. ದೇವಡಿಯಲ್ಲಿ ಮುಂಜಾನೆಯ ಸನಾದಿ ಎಂದರೆ ಏನೆಂದು ನಿನಗೆ ಗೊತ್ತು: ಬಾಗಿಲು ತೆರೆದಿದೆ, ಎಲ್ಲ ಸರಿಯಾಗಿದೆ, ಬರುವವರು ಬರಬಹುದು, ಹೋಗುವವರು ಹೋಗಬಹುದು. ಅದನ್ನು ಕೇಳಿ ಅಬ್ಬಾ ನೀರು ತರುತ್ತೇನೆಂದು ಹೊರಗೆ ಹೋದ. ಬಾಗಿಲ ಹತ್ತಿರ ಕೊಡಲಿ ಹಿಡಿದವರು ನಿಂತಿದ್ದರು. ಅಮ್ಮಿ ಹಜರಾಬೀ ಅವತ್ತಿನಿಂದ ಯಾರ ಜೊತೆಗೂ ನಾಲ್ಕು ಮಾತಿಗಿಂತ ಹೆಚ್ಚು ಆಡಿಲ್ಲ.

ನೀವು ತಂದೆ ಮಗ ಅದೇ ವಾರ ಗಾಡಿ ಕಟ್ಟಿ ಸುರಪುರಕ್ಕೆ ಹೋದಿರಿ. ಸಾವಿನ ಮನೆಗೆ ಮಾತಾಡಿಸಲೂ ಬರಲಿಲ್ಲ.

ಮಲ್ಕಪ್ಪ ಕಾಕಾನ ಸನಾದಿ ನನಗೆ ಗೊತ್ತಾಗದೆ ಇರುತ್ತದೆಯೇ? ಅವನು ಯಾಕೆ ಬಾರಿಸಿದ? ಆಗ ನೀನು ಎಲ್ಲಿದ್ದೆ? ಈ ಎರಡು ಮಾತಿಗೆ ಜವಾಬು ಬರೆ. ಆಮೇಲೆ ಹೈದರಾಬಾದಿಗೆ ಬರುವ ಮಾತು. ನನಗೂ ಬಾರಿಸಬೇಕಾಗಿದೆ. ಎರಡು ವರ್ಷದಿಂದ ಊರವರ ಕುಬಸ ಹೊಲಿಯುತ್ತಿದ್ದೇನೆ, ಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಕಲ್ಲಾಗಿದೆ. ಬೇಗಂಸಾಹೇಬರು ಕರಾಚಿಗೆ ಹೋದರು. ಜಾಗೀರು ಹೋಯಿತು. ಪಿಯಾನೋ ಮಾತ್ರ ಒಳಗೇ ಇದೆ. ಕಾವಲಿನ ಅಬ್ದುಲ್ ಕರೀಮ ಮುದುಕನ ಹತ್ತಿರ ಕೀಲಿಕೈ ಇದೆ. ಕೇಳಿದರೆ ಇಲ್ಲ ಅನ್ನಲಿಕ್ಕಿಲ್ಲ. ನಾನು ಇನ್ನೂ ಕೇಳಿಲ್ಲ.

ಏಳು ಸಾಲಿಗೆ ಇದನ್ನು ಬರೆ. ಪಿಯಾನೋ ಬಂದ ವರ್ಷ ಅದರ ತಂತಿಗಳೆಲ್ಲ ಸಡಿಲಾಗಿದ್ದವು. ಅಬ್ಬಾನ ಹತ್ತಿರ ಬ್ಯಾಂಡಿನ ಕಾಲದ ಶ್ರುತಿಯ ಚಿಮಟಿಗೆ ಇತ್ತು. ಅದನ್ನು ಬಡಿದು, ಗುಂಯ್ ಅನ್ನುವಾಗ ಕಿವಿಗೆ ಹಿಡಿದು, ಮುಖ ಸಿಂಡರಿಸಿ, ಪೆಟ್ಟಿಗೆಯಲ್ಲಿಟ್ಟು, "ಮಲ್ಕಪ್ಪನ್ನ ಕರೀರಿ" ಅಂದ. ಕಾಕಾ ಪಡಸಾಲೆಯಲ್ಲಿ ಕೂತು ಒಂದೊಂದೇ ಸ್ವರ ಊದಿದ. ಅಬ್ಬಾ ಒಳಗೆ ಒಂದೊಂದೇ ಮೊಳೆ ತಿರುಗಿಸಿ ತಂತಿಯನ್ನು ಆ ಸ್ವರಕ್ಕೆ ತಂದ. ಏಳು ದಿನ ಹಿಡಿಯಿತು. ಬೇಗಂಸಾಹೇಬರ ತಮ್ಮ ಹೈದರಾಬಾದಿನಿಂದ ಬಂದವನು ಬಾರಿಸಿ ನೋಡಿ, ಇದು ಪಿಯಾನೋ ಅಲ್ಲವೇ ಅಲ್ಲ ಎಂದು ನಕ್ಕ. ಅಬ್ಬಾ ಅವನಿಗೆ ಹೇಳಿದ್ದು ನೆನಪಿದೆಯಾ? "ಸಾಹೇಬ್, ಚಿಮಟಿಗಿ ಲಂಡನ್ದಾಗ ಖರೇ ಇರಬಹುದು. ಇಲ್ಲಿ ಮಲ್ಕಪ್ಪ ಖರೇ ಅದಾನ."

ಚಾಂದಬೀ


ಯಾದಗಿರಿ
೬ ಆಗಸ್ಟ್ ೧೯೫೦

ಚಾಂದಕ್ಕಾ,

ನಿನ್ನ ಕಾಗದ ಬಂದು ತಿಂಗಳಾಯಿತು. ಜೇಬಿನಲ್ಲಿಟ್ಟುಕೊಂಡೇ ತಿರುಗಿದ್ದೇನೆ.

ಜವಾಬು ಕೇಳಿದ್ದೀ. ಅಪ್ಪನಿಗೆ ಬಾರಿಸು ಎಂದು ಹೇಳಿದವರು ಇದ್ದರು. ಇಲ್ಲ ಅನ್ನುವ ಧೈರ್ಯ ಅವನಿಗೆ ಇರಲಿಲ್ಲ. ಅಷ್ಟು ಮಾತ್ರ ನನಗೆ ಗೊತ್ತು, ಯಾಕೆಂದರೆ ಅವನು ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ನಾನು ಆ ದಿನ ಅಲ್ಲಿರಲಿಲ್ಲ. ಬೋನಾಳದಲ್ಲಿ ಅತ್ತೆಯ ಮನೆಯಲ್ಲಿದ್ದೆ. ಕೆರೆಯ ಏರಿಯ ಮೇಲೆ ಕೂತಿದ್ದಾಗ ಯಾರೋ ಸುದ್ದಿ ತಂದರು. ಮಾತಾಡಿಸಲು ಬರಬೇಕಿತ್ತು. ಮುಖ ತೋರಿಸಲು ಆಗಲಿಲ್ಲ. ಈಗಲೂ ಆ ಊರಿನ ಬಸ್ಸು ಕಂಡರೆ ಬೇರೆ ಕಡೆ ನೋಡುತ್ತೇನೆ. ತಪ್ಪಾಯಿತು ಅಕ್ಕ.

ನಿನ್ನ ಏಳು ಸಾಲನ್ನು ಹಾಗೆಯೇ ಬರೆದು ಕಳಿಸಿದೆ. ಕರೆ ಬಂದಿದೆ! ಅಕ್ಟೋಬರ್ ಇಪ್ಪತ್ತೊಂದಕ್ಕೆ, ಶನಿವಾರ, ಹತ್ತು ಗಂಟೆಗೆ. ಅವರಲ್ಲಿ ಒಳ್ಳೆಯ ಪಿಯಾನೋ ಇದೆಯಂತೆ, ನಾವು ಏನೂ ಹೊತ್ತು ತರಬೇಕಿಲ್ಲವಂತೆ. ಹೊತ್ತು ತರಬೇಕಾಗಿದ್ದರೆ ಯಾದಗಿರಿ ಸ್ಟೇಷನ್ನಿನ ಕೂಲಿಯವರೆಲ್ಲ ಊರು ಬಿಟ್ಟು ಓಡುತ್ತಿದ್ದರು.

ನನಗೆ ರಜೆ ಇಲ್ಲ. ನೀನು ಅಲ್ಲಿ ಅಭ್ಯಾಸ ಮಾಡು, ನಾನು ಇಲ್ಲಿ ಮಾಡುತ್ತೇನೆ. ಹೇಗೂ ಪರದೆಯ ಆಚೆ ಈಚೆ ಕೂತು ಕಲಿತವರು. ಈಗ ಪರದೆ ಹದಿನೆಂಟು ಇಪ್ಪತ್ತು ಮೈಲಿ ದಪ್ಪವಾಗಿದೆ ಅಷ್ಟೆ.

ನಿನ್ನ ತಮ್ಮ,
ಪರಮಣ್ಣ


ದೇವಡಿ
೧೦ ಸೆಪ್ಟೆಂಬರ್ ೧೯೫೦

ಪರಮಣ್ಣಾ,

ಬೋನಾಳದಲ್ಲಿದ್ದೆ ಅಂದೆ. ಆಯಿತು.

ಅಬ್ದುಲ್ ಕರೀಮನಿಗೆ ಕೇಳಿದೆ. ಬಾಗಿಲು ತೆರೆದುಕೊಟ್ಟ. ಪಿಯಾನೋದ ಮೇಲೆ ಪಾರಿವಾಳ ಗೂಡು ಕಟ್ಟಿವೆ. ಬಲಗಡೆಯ ನಾಲ್ಕು ಪಟ್ಟಿ ಒತ್ತಿದರೆ ಕಟ್ಟಿಗೆಯ ಸದ್ದು ಬರುತ್ತದೆ. ಉಳಿದವೆಲ್ಲ ಅಬ್ಬಾ ಬಿಟ್ಟಲ್ಲಿಯೇ ಇವೆ. ಮೊದಲ ದಿನ ಒಂದು ಸ್ವರ ಒತ್ತಿ ಎದ್ದುಬಂದೆ. ಎರಡನೆಯ ದಿನ ಸಾ ರೀ ಗಾ ತನಕ. ಈಗ ದಿನಾ ಮಧ್ಯಾಹ್ನ ಎರಡು ತಾಸು ಬಾರಿಸುತ್ತೇನೆ. ಹೊಲಿಯಲು ತಂದ ಕುಬಸಗಳು ಮೂಲೆಯಲ್ಲಿ ಬಿದ್ದಿವೆ. ಹೆಂಗಸರು ಬಂದು ಬೈದು ಹೋಗುತ್ತಾರೆ. ಪರಮಣ್ಣಾ, ಎರಡು ವರ್ಷದಲ್ಲಿ ಮೊದಲ ಸಲ ನನಗೆ ಹಸಿವಾಗುತ್ತಿದೆ.

ಅಮ್ಮಿ ಒಮ್ಮೆ ಬಂದು ಹೊಸ್ತಿಲಲ್ಲಿ, ಅಬ್ಬಾ ಕೂಡುತ್ತಿದ್ದ ಜಾಗ ಬಿಟ್ಟು, ಅದರ ಪಕ್ಕದಲ್ಲಿ ಕೂತಳು.

ಹೈದರಾಬಾದಿಗೆ ಬರುತ್ತೇನೆ. ಅಬ್ದುಲ್ ಕರೀಮ ಜೊತೆಗೆ ಬರುತ್ತಾನೆ. ಎರಡು ಷರತ್ತು. ಅಲ್ಲಿಯೂ ನಮ್ಮ ನಡುವೆ ಪರದೆ ಹಾಕಿಸು. ಗೋಷಾಕ್ಕಾಗಿ ಅಲ್ಲ, ನಿನ್ನ ಮುಖ ನೋಡುತ್ತ ಬಾರಿಸಲು ನನಗೆ ಬರುವುದಿಲ್ಲ. ಎರಡನೆಯದು, ಯಮನ್ ರಾಗ ಬಾರಿಸೋಣ, ಬೇಕಾದ್ದು ಬಾರಿಸೋಣ, ಭೈರವ ಬೇಡ. ಆ ಮುಂಜಾನೆಯ ಸನಾದಿ ಭೈರವದಲ್ಲಿತ್ತು.

ರೈಲಿನಲ್ಲಿ ಮಾತಾಡಲು ನಿನಗೆ ಬೇಕಾದಷ್ಟು ಹೊತ್ತು ಸಿಗುತ್ತದೆ.

ಚಾಂದಬೀ


ಯಾದಗಿರಿ
೫ ನವೆಂಬರ್ ೧೯೫೦

ಅಕ್ಕಾ,

ಹದಿನೈದು ದಿನವಾಯಿತು. ನೀನು ಬಸ್ಸು ಹತ್ತುವಾಗ ತಿರುಗಿ ನೋಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತಪ್ಪು ನಿನ್ನದಲ್ಲ. ಆ ಪಿಯಾನೋ ನಮ್ಮದಲ್ಲ. ಅವರು ಒಳ್ಳೆಯವರು, ಕೇಳಿದ ಹಾಗೆ ಪರದೆ ಕಟ್ಟಿಕೊಟ್ಟರು, ಚಹಾ ತರಿಸಿದರು. ನೀನು ಮೊದಲ ಸಾಲು ಬಾರಿಸಿದಾಗಲೇ ನನಗೆ ಗೊತ್ತಾಯಿತು. ಕೈ ನಿನ್ನದೇ, ಸ್ವರ ಯಾರವೋ. ನಮ್ಮ ಗಾಂಧಾರ ಅಲ್ಲಿ ಎರಡು ಪಟ್ಟಿಗಳ ನಡುವೆ ಎಲ್ಲೋ ಬಿದ್ದು ಹೋಗಿತ್ತು. ಆಮೇಲೆ ನಾನು ಸಾ ಹಿಡಿದೆ, ನೀನು ಬರುತ್ತೀ ಎಂದು ಕಾಯುತ್ತ ಹಿಡಿದೇ ಇದ್ದೆ. ನೀನು ಬರಲೇ ಇಲ್ಲ. ಪರದೆಯ ಆಚೆ ಮುಚ್ಚಳ ಮುಚ್ಚಿದ ಸದ್ದು ಕೇಳಿತು.

ಆ ವಯಸ್ಸಾದ ಪರೀಕ್ಷಕರು ನನ್ನನ್ನು ಪಕ್ಕಕ್ಕೆ ಕರೆದು ಬಹಳ ಮೃದುವಾಗಿ ಹೇಳಿದರು. ಈ ಹುಡುಗಿಗೆ ಕೈ ಇದೆ, ಕಿವಿ ಇದೆ, ಆದರೆ ತಪ್ಪು ವಾದ್ಯದ ಮೇಲೆ ಕಲಿತಿದ್ದಾಳೆ, ಜಗತ್ತಿನ ಬೇರೆ ಯಾವ ಪಿಯಾನೋವೂ ಅವಳಿಗೆ ಒಗ್ಗುವುದಿಲ್ಲ, ಮೊದಲಿನಿಂದ ಕಲಿಯಬೇಕು ಎಂದರು. ನನಗೆ ಜಗಳ ಆಡಬೇಕು ಅನಿಸಿತು. ಆಡಲಿಲ್ಲ. ಜಗಳ ಆಡಬೇಕಾದಲ್ಲಿ ನಾನು ಯಾವತ್ತೂ ಆಡಿದವನಲ್ಲ.

ಮುಂದಿನ ವರ್ಷ ಮತ್ತೆ ಕರೆಯುತ್ತಾರೆ. ಬಿಡುವುದು ಬೇಡ ಅಕ್ಕ. ನಾನೊಬ್ಬನೇ ಬಾರಿಸಿದರೆ ಅದು ಬರೀ ತಂತಿ ತಿಕ್ಕಿದ ಹಾಗೆ.

ಪರಮಣ್ಣ


ದೇವಡಿ
೧೪ ಜನವರಿ ೧೯೫೧

ಪರಮಣ್ಣಾ,

ದೇವಡಿಯ ಸಾಮಾನೆಲ್ಲ ಹರಾಜಾಯಿತು. ಪಿಯಾನೋವನ್ನು ರಾಯಚೂರಿನ ಯಾರೋ ವ್ಯಾಪಾರಿ ಕೊಂಡ. ಕೊಂಡವನಿಗೆ ಬಾರಿಸಲು ಬರುವುದಿಲ್ಲವಂತೆ, ಮನೆಯಲ್ಲಿ ಇರಲಿ ಎಂದು ಕೊಂಡನಂತೆ. ಒಯ್ಯುವ ಮೊದಲು ಹೈದರಾಬಾದಿನಿಂದ ಒಬ್ಬ ಕಾರೀಗರನನ್ನು ಕರೆಸಿದ್ದ. ಅದನ್ನು ಒಳಗಿಂದ ಪಡಸಾಲೆಗೆ ಎಳೆಸಿ, ಅವನು ಅಲ್ಲಿಯೇ ಕೂತು ಶ್ರುತಿ ಸರಿ ಮಾಡಿದ. ನಾನು ಕಿಟಕಿಯ ಹತ್ತಿರ ನಿಂತು ಕೇಳಿದೆ. ಮುಂಜಾನೆ ಶುರು ಮಾಡಿದವನು ಇಳಿಹೊತ್ತಿನ ಅಸರ್ ನಮಾಜಿಗೆ ಮುಗಿಸಿ ಕೈ ತೊಳೆದ. ಅಬ್ಬಾನಿಗೆ ಏಳು ದಿನ ಹಿಡಿದಿತ್ತು. "ಯಾರ್ರೀ ಇದನ್ನ ಇಷ್ಟ ಕೆಡಿಸಿ ಇಟ್ಟಿದ್ದು?" ಎಂದು ಅಬ್ದುಲ್ ಕರೀಮನನ್ನು ಕೇಳಿದನಂತೆ. ಮುದುಕ "ನಂಗೊತ್ತಿಲ್ರೀ" ಅಂದನಂತೆ. ಅದನ್ನು ನನಗೆ ಹೇಳುವಾಗ ಅವನು ಅತ್ತ.

ಎರಡು ಗಾಡಿ ಕೂಡಿಸಿ ಕಟ್ಟಿ ಒಯ್ದರು. ಇನ್ನು ನಮ್ಮ ಹಿನ್ನೆಲೆ ಅರ್ಜಿಯ ಹತ್ತು ಸಾಲಿನಲ್ಲಿ ಮಾತ್ರ ಉಳಿಯಿತು. ಆ ಅರ್ಜಿಯೂ ಯಾವುದೋ ಕಪಾಟಿನಲ್ಲಿ ಗೆದ್ದಲಿಗೆ ಬಿದ್ದಿರುತ್ತದೆ.

ಮುಂದಿನ ವರ್ಷದ ಮಾತು ನನಗೆ ಬರೆಯಬೇಡ. ಕುಬಸಗಳೆಲ್ಲ ಹೊಲಿದು ಕೊಟ್ಟೆ. ಈಗ ಯಾರೂ ಬೈಯುವುದಿಲ್ಲ.

ಚಾಂದಬೀ


ಸುರಪುರ
೧೯ ಮಾರ್ಚ್ ೧೯೫೧

ಅಕ್ಕಾ,

ಅಪ್ಪ ಹೋದ. ಹೊಟ್ಟೆನೋವೆಂದು ಮೂರು ದಿನ ಮಲಗಿದ್ದ. ನಮ್ಮ ಕುಲದಲ್ಲಿ ಸನಾದಿಯವನನ್ನು ಮಣ್ಣಿಗೆ ಒಯ್ಯುವಾಗ ಮಗ ಮುಂದೆ ನಿಂತು ಬಾರಿಸಬೇಕು. ಎಲ್ಲರೂ ನನ್ನ ಮುಖ ನೋಡಿದರು. ನಾನು ಬಾರಿಸಲಿಲ್ಲ. ಅವನ ಸನಾದಿಯನ್ನು ಅವನ ಮಗ್ಗುಲಲ್ಲೇ ಇಟ್ಟು ಮಣ್ಣು ಕೊಟ್ಟೆವು.

ಕೊನೆಯ ದಿನ "ಬಾಷುಮಿಯಾಂದು" ಎಂದು ಏನೋ ಹೇಳಲು ಹೋದ. ನಾನು ನೀರು ಕುಡಿಸಿದೆ. ಮಾತು ಅಲ್ಲಿಗೇ ನಿಂತಿತು. ನಿನಗೆ ತಿಳಿಸಬೇಕು ಅನಿಸಿತು, ತಿಳಿಸಿದೆ.

ಪರಮಣ್ಣ


ದೇವಡಿ
೮ ಏಪ್ರಿಲ್ ೧೯೫೧

ಪರಮಣ್ಣಾ,

ಕಾಕಾ ಹೋದ ಸುದ್ದಿ ಅಮ್ಮಿಗೆ ಹೇಳಿದೆ. ಅವಳು ಆ ದಿನ ಒಲೆ ಹಚ್ಚಲಿಲ್ಲ. ನೀವು ಮಾತಾಡಿಸಲು ಬರಲಿಲ್ಲ ಎಂದು ನಾವು ಬಿಡುವವರಲ್ಲ, ಆದರೆ ಅಮ್ಮಿಗೆ ಬಸ್ಸಿನ ದಾರಿ ತಡೆಯುವುದಿಲ್ಲ. ಅದಕ್ಕೆ ಈ ಕಾಗದವೇ ನಾವು ಬಂದ ಹಾಗೆ ಎಂದು ತಿಳಿ.

ಕಾಕಾನ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಬಹಳ ಇತ್ತು, ಈಗ ಇಲ್ಲ. ಸನಾದಿ ಬಾರಿಸುವಾಗ ಅವನ ಕಣ್ಣು ಮುಚ್ಚಿರುತ್ತಿತ್ತು. ಸಣ್ಣವಳಿದ್ದಾಗ ನಾನು ಅವನ ಮುಂದೆ ನಿಂತು ನಾಲಿಗೆ ಚಾಚಿದರೂ ಅವನಿಗೆ ಕಾಣುತ್ತಿರಲಿಲ್ಲ. ಆ ಮುಂಜಾನೆಯೂ ಅವನು ಏನೂ ನೋಡಿರಲಿಕ್ಕಿಲ್ಲ. ಊರು ತಣ್ಣಗಾಗಿದೆ ಎಂದು ಯಾರೋ ಹೇಳಿದರು, ನಂಬಿದ, ಬಾರಿಸಿದ. ಹಾಗೆಂದು ನಾನು ಒಪ್ಪಿಕೊಂಡಿದ್ದೇನೆ. ಅವನ ಮಣ್ಣಿನ ಹತ್ತಿರ ಹೋದಾಗ ಇದನ್ನು ಹೇಳು.

ನಿನಗೆ ಏನಾದರೂ ಹೇಳುವುದಿದ್ದರೆ ಅದನ್ನೂ ಬರೆ.

ಚಾಂದಬೀ


ಸುರಪುರ
೨೭ ಮೇ ೧೯೫೧

ಚಾಂದಕ್ಕಾ,

ಗಿರಣಿ ಬಿಟ್ಟೆ. ನಂಬರು ತಪ್ಪು ತಪ್ಪಾಗಿ ಬರೆಯುತ್ತೇನೆ ಎಂದು ಅವರೇ ಬಿಡಿಸಿದರು. ನಿನ್ನ ಕಾಗದ ಬಂದಂದಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಅಪ್ಪನನ್ನು ಮನ್ನಿಸಿದೆ, ಅದೂ ಅವನ ಕಣ್ಣು ಮುಚ್ಚಿತ್ತು ಎಂದು. ನಿಜ, ಮುಚ್ಚಿತ್ತು. ನನ್ನವು ತೆರೆದಿದ್ದವು.

ನಾನು ಬೋನಾಳದಲ್ಲಿರಲಿಲ್ಲ. ಅಪ್ಪನ ಎಡಗಡೆ ಕೂತು ಶ್ರುತಿ ಹಿಡಿದಿದ್ದೆ.

ಆ ಮುಂಜಾನೆ ಗೌಡರ ಆಳು ನಮ್ಮ ಮನೆಗೆ ಬಂದ. "ಊರು ತಣ್ಣಗಾಗ್ಯದ ಮಲ್ಕಪ್ಪ, ದೇವಡಿ ಬಾಗಲಾ ತೆಗದಾರ, ಸನಾದಿ ಬಾರಸು. ಪಾಪ, ಒಳಗಿನ ಮಂದಿ ಎಷ್ಟ ದಿನ ಹಸದು ಕುಂತಿರ್ತಾರ" ಎಂದ. ಅಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ ಮುಖ ತೊಳೆಯದೇ ಹೊರಟ. ನನಗೆ ಎರಡನೆಯ ಸನಾದಿ ಕೊಟ್ಟ. ಅದಕ್ಕೆ ಒಂದೇ ಸ್ವರ, ಸಾ. ಹಿಡಿದವನು ಮೂಗಿನಿಂದ ಉಸಿರು ಎಳೆಯುತ್ತ, ಗಲ್ಲದಿಂದ ಊದುತ್ತ, ಎಲ್ಲಿಯೂ ಕಡಿಯದ ಹಾಗೆ ಹಿಡಿಯಬೇಕು. ಅವನಿಗೆ ಬೇರೆ ಕೆಲಸವಿಲ್ಲ, ಅತ್ತ ಇತ್ತ ನೋಡುತ್ತ ಕೂಡುತ್ತಾನೆ. ನಾನು ನೋಡಿದೆ. ಹುಣಸೆ ಮರದ ಹಿಂದೆ ಆರೇಳು ಜನ, ಕೈಯಲ್ಲಿ ಕೊಡಲಿ. ಇಬ್ಬರು ನಮ್ಮ ಓಣಿಯವರೇ.

ಶ್ರುತಿ ನಿಂತರೆ ಬಾರಿಸುವವನು ಆ ಕ್ಷಣವೇ ನಿಲ್ಲಿಸಬೇಕು. ಅದು ನಮ್ಮ ಕುಲದ ಕಟ್ಟಳೆ, ನಿನಗೂ ಗೊತ್ತು. ನಾನು ಒಂದು ಉಸಿರು ಬಿಟ್ಟಿದ್ದರೆ ಅಪ್ಪ ಕಣ್ಣು ತೆರೆಯುತ್ತಿದ್ದ. ಬಿಡಲಿಲ್ಲ.

ನನ್ನ ಕೊರಳ ಮೇಲೆ ಯಾರೂ ಕತ್ತಿ ಇಟ್ಟಿರಲಿಲ್ಲ. ನಾನು ಏನು ಯೋಚಿಸಿದೆ ಎಂಬುದನ್ನೂ ಬರೆಯುತ್ತೇನೆ, ಮುಚ್ಚಿಟ್ಟು ಏನು ಮಾಡಲಿ. ಒಳಗೆ ಜಾಗೀರದಾರರ ಲೆಕ್ಕಪತ್ರ ನೋಡುವ ಪೇಷ್ಕಾರನೂ ಅಡಗಿದ್ದಾನೆ ಎಂದು ಊರೆಲ್ಲ ಸುದ್ದಿಯಿತ್ತು. ಆ ಬೇಸಿಗೆಯಲ್ಲಿ ರಜಾಕಾರರ ಜೊತೆ ಹೋಗಿ ನನ್ನ ಸೋದರಮಾವನ ಮನೆ ಸುಟ್ಟವರಲ್ಲಿ ಅವನಿದ್ದ. ಮಾವನ ಎರಡು ವರ್ಷದ ಮಗಳು ಒಳಗೆ ಉಳಿದಿತ್ತು. ಪೇಷ್ಕಾರ ಹೊರಗೆ ಬರಲಿ, ಇವರು ನೋಡಿಕೊಳ್ಳಲಿ ಎಂದುಕೊಂಡೆ. ಹಾಗೆ ಅಂದುಕೊಂಡೇ ಊದಿದೆ. ಬಾಗಿಲಲ್ಲಿ ಮೊದಲು ತಾಮ್ರದ ಕೊಡ ಕಾಣಿಸಿತು, ಆಮೇಲೆ ಉಸ್ತಾದರು. ನನ್ನನ್ನು ನೋಡಿ ನಕ್ಕರು.

ಪೇಷ್ಕಾರ ಫೌಜು ಬರುವ ಮೊದಲೇ ಓಡಿಹೋಗಿದ್ದ ಎಂದು ಆಮೇಲೆ ಗೊತ್ತಾಯಿತು.

ಅಪ್ಪನಿಗೆ ನಾನು ನೋಡಿದ್ದು ಗೊತ್ತಿತ್ತೋ ಇಲ್ಲವೋ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ರೈಲಿನಲ್ಲಿ ನಿನಗೆ ಹೇಳಬೇಕೆಂದು ವಾಡಿ ಜಂಕ್ಷನ್ ದಾಟುವ ತನಕ ಬಾಯಿಯಲ್ಲೇ ಇಟ್ಟುಕೊಂಡಿದ್ದೆ. ನೀನು ರೊಟ್ಟಿ ಬಿಚ್ಚಿ ಕೊಟ್ಟೆ. ರೊಟ್ಟಿ ತಿಂದೆ.

ಮನ್ನಿಸು ಎಂದು ಬರೆಯುವುದಿಲ್ಲ. ಒಂದೇ ಒಂದು ಕೇಳುತ್ತೇನೆ. ಉಸ್ತಾದರು ಅಪ್ಪನ ಸನಾದಿ ನಂಬಿ ಹೊರಗೆ ಬಂದರು. ಶ್ರುತಿಯನ್ನು ಯಾರು ಗಮನಿಸುತ್ತಾರೆ? ಅಲ್ಲಿ ನಾನಿದ್ದೇನೆ ಎಂದು ಅವರಿಗೆ ಬಾಗಿಲಿಗೆ ಬರುವ ತನಕ ಗೊತ್ತಿರಲಿಲ್ಲ ಎಂದು ನಾನು ನಂಬಿಕೊಂಡಿದ್ದೇನೆ. ಅದೊಂದು ಹೌದು ಎಂದು ಬರೆದುಬಿಡು. ಅಷ್ಟಾದರೆ ನಾನು ಹೇಗೋ ಇರುತ್ತೇನೆ.

ಪರಮಣ್ಣ


ದೇವಡಿ
೨ ಸೆಪ್ಟೆಂಬರ್ ೧೯೫೧

ಪರಮಣ್ಣಾ,

ಮೂರು ತಿಂಗಳು ತಡೆದೆ. ಹೌದು ಎಂದು ಬರೆದು ಕಳಿಸಿಬಿಡೋಣ ಎಂದು ಎಷ್ಟೋ ಸಲ ಕೂತೆ. ನನ್ನಿಂದ ಆಗಲಿಲ್ಲ.

ನೀನು ಅಲ್ಲಿದ್ದದ್ದು ನನಗೆ ಮೊದಲಿನಿಂದಲೂ ಗೊತ್ತು. ಎಂಟು ವರ್ಷ ಪರದೆಯ ಈಚೆ ಕೂತು ನಿನ್ನ ಉಸಿರು ಕೇಳಿಕೊಂಡೇ ಕೈ ಎತ್ತಿದವಳು ನಾನು. ಬೋನಾಳ ಎಂದು ನೀನು ಬರೆದಾಗ, ಇವನು ತಾನಾಗಿ ಹೇಳುತ್ತಾನೆ, ಹೊತ್ತು ಕೊಡೋಣ ಎಂದುಕೊಂಡೆ. ರೈಲಿನಲ್ಲಿ ಕಾದೆ. ನಿನ್ನ ರೊಟ್ಟಿ ಮುಗಿಯುವ ತನಕ ನಾನು ತುತ್ತು ಎತ್ತಲಿಲ್ಲ, ಅದನ್ನು ನೀನು ನೋಡಲಿಲ್ಲ. ರೇಡಿಯೋದಲ್ಲಿ ನಾನು ನಿಲ್ಲಿಸಿದ್ದು ಆ ಪಿಯಾನೋದಿಂದ ಅಲ್ಲ. ಅದು ಬೇರೆಯದು, ಸರಿ, ಹೇಗೋ ಹೊಂದಿಸಿ ಬಾರಿಸುತ್ತಿದ್ದೆ. ನೀನು ಕಮಾನು ಎಳೆದು ಉದ್ದಕ್ಕೆ ಸಾ ಹಿಡಿದೆ. ಹಿಡಿದೇ ಇದ್ದೆ. ಅದೇ ಸಾ. ನನ್ನ ಕೈ ಅಲ್ಲಿಗೆ ಸತ್ತಿತು.

ಕಣಜದ ಕೋಣೆಯಲ್ಲಿ ನಡೆದದ್ದನ್ನು ನಿನಗೆ ಹೇಳಬಾರದು ಎಂದಿದ್ದೆ. ನೀನು ಕೇಳಿದ್ದೀ, ಕೇಳು.

ಸನಾದಿ ಶುರುವಾದಾಗ ಎಲ್ಲರೂ ಎದ್ದರು. ಅಮ್ಮಿ ಅಬ್ಬಾನ ಅಂಗಿ ಹಿಡಿದು ಎಳೆದಳು. "ಮಲ್ಕಪ್ಪನ್ನ ಹೆದರಿಸಿ ಬಾರಿಸಾಕ ಹಚ್ಯಾರ, ಹೋಗಬ್ಯಾಡ್ರಿ" ಅಂದಳು. ಅಬ್ಬಾ ಕೂತ. ಅವನಿಗೂ ಅದೇ ಅನುಮಾನವಿತ್ತು. ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿದ, ಪಿಯಾನೋದ ಮೊಳೆ ತಿರುಗಿಸುವಾಗ ಕೇಳುತ್ತಿದ್ದ ಹಾಗೆ. ಆಮೇಲೆ ಅವನ ಮುಖ ಸಡಿಲಾಯಿತು.

"ಸನಾದಿ ಬಿಡು, ಶ್ರುತಿ ಕೇಳು" ಅಂದ. "ಪರಮಣ್ಣ ಹಿಡದಾನ. ಮಲ್ಕಪ್ಪನ್ನ ಹೆದರಸಬಹುದು, ವಯಸ್ಸಾದಂವ, ಹೆದರಿದ್ರೂ ಬಾರಸ್ತಾನ. ಆದ್ರ ನಮ್ಮ ಪರಮಣ್ಣ ಹೆದರಿದ್ರ ಶ್ರುತಿ ನಡಗತದ. ಅವನಿಗೆ ಉಸರು ಹಿಡಿಯೂದು ಕಲಿಸಿದಂವ ನಾನು. ಕೇಳು, ಎಲ್ಲಾದ್ರೂ ನಡಗೇತೇನು? ಡರೋ ನಕ್ಕೋ, ಹೆದರಬ್ಯಾಡ."

ಅಮ್ಮಿ ಕೇಳಿದಳು. ನಾನೂ ಕೇಳಿದೆ. ಅಮ್ಮಿ ಅಂಗಿ ಬಿಟ್ಟಳು, ಅಬ್ಬಾನ ಕೈಗೆ ಕೊಡ ಕೊಟ್ಟವಳು ನಾನೇ.

ಅದು ನಡುಗಲಿಲ್ಲ, ಪರಮಣ್ಣಾ.

ಬಾಷುಮಿಯಾನ ಮಗಳು,
ಚಾಂದಬೀ